ಐದನೆಯ ಸರದಿಗೆ ಹೋದ ದಿನ

2008ನೆಯ ಇಸವಿ ಜೂನ್ 9, ಸೋಮವಾರ. ಆಧಾರ: ದಾವಣಗೆರೆಯ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಚಿಕಿತ್ಸಾ ಪುಸ್ತಕ, ಮೂರನೆಯ ಪುಟ, ಮೊದಲ ಸಾಲು. ನನ್ನ ದಿನಚರಿಯಲ್ಲಿ ಇದೇ ಸಂಗತಿ ಜೂನ್ 10ರ ಪುಟದಲ್ಲಿದೆ. ಆದರೆ ಆ ವಾಕ್ಯ ‘ನಿನ್ನೆ’ ಎಂದು ಆರಂಭವಾಗುವುದರಿಂದ ಎರಡು ಆಧಾರಗಳಿಗೂ ವಿರೋಧವಿಲ್ಲ. ಆ ವರ್ಷದ ಪಂಚಾಂಗದಲ್ಲಿ ವಾರವನ್ನೂ ತಾಳೆ ನೋಡಿದ್ದೇನೆ. ಅಂದು ಬೆಳಗ್ಗೆ ನನ್ನ ಎಡಗೈಯ ರಕ್ತನಾಳಕ್ಕೆ ಕ್ಯಾನ್ಸರ್ ಔಷಧಿಯ ಮೊದಲ ಸರದಿಯನ್ನು ಹನಿಹನಿಯಾಗಿ ಇಳಿಸಿದರು. ಬಲ ಎದೆಯ ಗಡ್ಡೆಯನ್ನು ಏಪ್ರಿಲ್ 24ರಂದೇ ತೆಗೆದಾಗಿತ್ತು. ಇನ್ನು ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಸರದಿ ಔಷಧಿ. ಆರೂ ಮುಗಿದರೆ ಕಾಯಿಲೆ ಮರಳದಿರುವ ಸಾಧ್ಯತೆ ಹೆಚ್ಚು, ನಡುವೆ ಬಿಟ್ಟರೆ ಆ ಭರವಸೆ ಕೊಡಲಾಗದು ಎಂದು ಡಾಕ್ಟರು ವಿವರಿಸಿದ್ದರು.

ಗಡ್ಡೆಯ ಅಳತೆ, ಔಷಧಿಯ ಪ್ರಮಾಣ, ರಕ್ತಪರೀಕ್ಷೆಯ ಫಲಿತಾಂಶ ಎಲ್ಲವೂ ಆ ಪುಸ್ತಕದಲ್ಲಿವೆ. ದಣಿವಿನ ವಿಷಯಕ್ಕೆ ಅದರಲ್ಲಿ ಒಂದೇ ಒಂದು ಪದ ಮೀಸಲಾಗಿದೆ: ‘ಇದೆ’ ಅಥವಾ ‘ಇಲ್ಲ’. ನನ್ನ ಆ ವರ್ಷವನ್ನು ಆಳಿದ್ದು ದಣಿವೇ ಆದ್ದರಿಂದ, ಅದನ್ನು ದಾಟಿಸಿದವರ ಋಣವನ್ನು ಬರಹದಲ್ಲಾದರೂ ದಾಖಲಿಸಬೇಕೆಂದು ಕುಳಿತಿದ್ದೇನೆ.

ಮೊದಲು ನನ್ನ ಪರಿಚಯ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದೆ. ಶಾಲೆಯ ದಾಖಲೆಯಂತೆ ನನ್ನ ಜನ್ಮದಿನ 1946ರ ಜೂನ್ 1. ನನ್ನ ತರಗತಿಯ ಅರ್ಧದಷ್ಟು ಮಕ್ಕಳೂ ಜೂನ್ ಒಂದರಂದೇ ಹುಟ್ಟಿದ್ದಾರೆ, ಏಕೆಂದರೆ ಮೇಷ್ಟ್ರು ಬರೆದುಕೊಳ್ಳಲು ಅದು ಅನುಕೂಲದ ದಿನವಾಗಿತ್ತು. ಬಾವುಟ ಏರಿಸುವ ಹಿಂದಿನ ವರ್ಷ ಹುಟ್ಟಿದವಳು ಎಂಬ ಅಪ್ಪನ ಮಾತಿನಿಂದ ವರ್ಷವಾದರೂ ಸರಿ ಎಂದು ಒಪ್ಪಿದ್ದೇನೆ. ಓದಿ, ಸಂಶೋಧನೆಯ ಕೆಲಸಕ್ಕೆ ಸೇರಿ, ಮದುವೆಯ ಗೋಜಿಗೆ ಹೋಗದೆ, ಈ ಸೀಮೆಯ ಹಳೆಯ ಕೆರೆಗಳು ಯಾವಾಗ ಕಟ್ಟಲ್ಪಟ್ಟವು, ಯಾವ ತೂಬು ಯಾವ ವರ್ಷ ದುರಸ್ತಿಯಾಯಿತು ಎಂಬುದನ್ನು ಕಾಲಾನುಕ್ರಮದಲ್ಲಿ ಜೋಡಿಸುತ್ತ ಮೂವತ್ತು ವರ್ಷ ಕಳೆದೆ. 2004ರಲ್ಲಿ ನಿವೃತ್ತಳಾಗಿ ಚಿತ್ರದುರ್ಗದಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡೆ. ಆ ಕಾಲಾನುಕ್ರಮಣಿಕೆ ಇನ್ನೂ ಮುಗಿದಿರಲಿಲ್ಲ.

ಔಷಧಿಯ ದಣಿವು ಹೇಗಿರುತ್ತದೆಂದು ಅನುಭವಿಸದವರಿಗೆ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ದಿನವಿಡೀ ಕೆರೆ ಏರಿಗಳ ಮೇಲೆ ನಡೆದು ಬಂದ ದಣಿವು ನನಗೆ ಗೊತ್ತಿತ್ತು; ಅದಕ್ಕೆ ಊಟ ಮಾಡಿ ಮಲಗಿದರೆ ಬೆಳಗ್ಗೆ ಮೈ ಹಗುರಾಗುತ್ತಿತ್ತು. ಇದಕ್ಕೆ ನಿದ್ದೆಯೂ ಮದ್ದಲ್ಲ. ಎದ್ದಾಗಲೇ ಸುಸ್ತು. ಸ್ನಾನಕ್ಕೆ ಹೋದವಳು ಅರ್ಧಕ್ಕೆ ಮಣೆಯ ಮೇಲೆ ಕುಳಿತು, ಮೈಮೇಲಿನ ಸೋಪು ಒಣಗುವವರೆಗೂ ಚೊಂಬು ಎತ್ತಲಾರದೆ ಇದ್ದದ್ದುಂಟು. ಕುಕ್ಕರಿನ ಮುಚ್ಚಳ ತಿರುಗಿಸಲು ಬಲ ಸಾಲದು. ಮಸುಕಾದ ಅಕ್ಷರ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಕೈಯಲ್ಲಿ ಕಬ್ಬಿಣದ ತೂಕದ ಕಲ್ಲಿನಂತೆ ಭಾರವಾಗುತ್ತಿತ್ತು. ಒಂದೇ ಸಾಲನ್ನು ಆರು ಸಲ ಓದಿ, ಆರನೆಯ ಸಲವೂ ಅದು ಯಾವ ಕೆರೆಯ ವಿಷಯವೆಂದು ತಿಳಿಯದೆ ಪುಸ್ತಕ ಮುಚ್ಚಿದ್ದೇನೆ.

ನಾನು ಮಾಡಿದ ಮೊದಲ ತಪ್ಪು, ಇದನ್ನು ಡಾಕ್ಟರಿಗೆ ಹೇಳದೇ ಇದ್ದದ್ದು. ಕೂದಲು ಉದುರಿದ್ದನ್ನು, ವಾಂತಿಯನ್ನು, ಬಾಯಿಹುಣ್ಣನ್ನು ತಾರೀಕಿನ ಸಮೇತ ಹೇಳಿದೆ. ಸುಸ್ತು ಎನ್ನುವುದು ಹೇಳಿಕೊಳ್ಳುವ ಕಾಯಿಲೆ ಎಂದು ನನಗೆ ಅನ್ನಿಸಲಿಲ್ಲ. ನಮ್ಮ ಮನೆತನದಲ್ಲಿ ಸುಸ್ತು ಎಂದವರನ್ನು ಕೆಲಸಗಳ್ಳರ ಸಾಲಿಗೆ ಸೇರಿಸುವುದೇ ರೂಢಿ.

ಎರಡನೆಯ ತಪ್ಪು ಹೊಸದುರ್ಗದ ಪ್ರಯಾಣ. ಔಷಧಿ ತೆಗೆದುಕೊಂಡ ಮೂರನೆಯ ವಾರ ಮೈ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಜೂನ್ 26ರ ಗುರುವಾರ ಬೆಳಗ್ಗೆ ಎದ್ದಾಗ, ನಾನು ಮೊದಲಿನವಳೇ ಆಗಿಬಿಟ್ಟೆ ಎನ್ನಿಸಿತು. ಬಟ್ಟೆ ಒಗೆದೆ, ಒಂದು ವಾರದ ಧೂಳು ಹೊಡೆದೆ, ಹತ್ತೂವರೆಯ ಬಸ್ಸು ಹಿಡಿದು ಹೊಸದುರ್ಗಕ್ಕೆ ಹೋಗಿ ತಾಲ್ಲೂಕು ಕಚೇರಿಯ ಹಳೆಯ ಕಡತಗಳನ್ನು ನಾಲ್ಕು ಗಂಟೆಯವರೆಗೆ ಬಿಚ್ಚಿ ನೋಡಿದೆ. ಬರುವಾಗ ಹೊಳಲ್ಕೆರೆ ನಿಲ್ದಾಣದಲ್ಲಿ ಬಸ್ಸು ನಿಂತಿತು. ನೀರು ಕುಡಿಯಬೇಕೆನ್ನಿಸಿತು. ಬಾಟಲಿ ಕಾಲ ಬುಡದ ಚೀಲದಲ್ಲಿತ್ತು. ಬಗ್ಗಿ ಅದನ್ನೆತ್ತಲು ಆಗಲಿಲ್ಲ. ಪಕ್ಕದ ಹೆಂಗಸನ್ನು ಕೇಳಲು ಬಾಯಿಯೂ ಬರಲಿಲ್ಲ. ಚಿತ್ರದುರ್ಗದವರೆಗೆ ಬಾಯಾರಿಕೊಂಡೇ ಬಂದೆ. ಮುಂದಿನ ಮೂರು ದಿನ ಹಾಸಿಗೆಯಲ್ಲಿದ್ದು, ಜೂನ್ 30ರ ಎರಡನೆಯ ಸರದಿಗೆ ನನ್ನನ್ನು ಹಿಂದಿನ ಬೀದಿಯ ಹಳೆಯ ಸಹೋದ್ಯೋಗಿಯೊಬ್ಬರು ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಜುಲೈ 2ರ ಬುಧವಾರ ಹಿರಿಯೂರಿನಿಂದ ಅಕ್ಕ ಮತ್ತು ಭಾವ ಎರಡು ಚೀಲ ಹಿಡಿದು ಬಂದರು. ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು, ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಭಾವ ಮಾರಿಕಣಿವೆ ಅಣೆಕಟ್ಟೆಯ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದವರು. ಅಂದರೆ ಕಾಲುವೆಯ ತೂಬುಗಳನ್ನು ತೆರೆದು ಮುಚ್ಚಿ, ಯಾವ ಹೊಲಕ್ಕೆ ಯಾವ ದಿನ ಎಷ್ಟು ಹೊತ್ತು ನೀರು ಎಂದು ಸರದಿ ನಡೆಸುವ ಕೆಲಸ. ಕರಿಯ ಎತ್ತರದ ಆಳು, ಮಾತು ಕಡಿಮೆ. ಅವರು ಬಂದ ದಿನದಿಂದ ಒಂದು ವಾರ ಏನೂ ಹೇಳದೆ ನನ್ನನ್ನು ನೋಡುತ್ತಿದ್ದರು. ಆ ವಾರ ನೋಡಲು ಸಾಕಷ್ಟಿತ್ತು.

ನಮ್ಮ ಕಡೆ ಕಾಯಿಲೆಯವರನ್ನು ನೋಡಿಕೊಂಡು ಹೋಗುವುದು ಒಂದು ಕಟ್ಟಳೆ. ನೆಂಟರು, ಅಕ್ಕಪಕ್ಕದವರು, ಹಳೆಯ ಕಚೇರಿಯವರು, ಅವರ ನೆಂಟರು ಎಲ್ಲರೂ ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಾರೆ. ಬಂದವರ ಮುಂದೆ ಮಲಗಿರುವುದು ಮರ್ಯಾದೆಯಲ್ಲ. ನಾನು ಎದ್ದು ಕುಳಿತು, ತಲೆಗೆ ಸೆರಗು ಹೊದ್ದು, ಮೊದಲು ಗಡ್ಡೆ ಕಂಡ ದಿನದಿಂದ ಕಥೆ ಆರಂಭಿಸುತ್ತಿದ್ದೆ. ಕಥೆ ಅರ್ಧಕ್ಕೆ ಬಂದಾಗ ಮತ್ತೊಬ್ಬರು ಬಂದರೆ ಅವರಿಗಾಗಿ ಮತ್ತೆ ಮೊದಲಿನಿಂದ. ಹೇಳುವುದರಲ್ಲೂ ನನ್ನ ಚಾಳಿ ಬಿಡಲಿಲ್ಲ. ತಾರೀಕು ತಪ್ಪಿದರೆ ನಿಲ್ಲಿಸಿ, ಒಳಗಿನಿಂದ ಪುಸ್ತಕ ತರಿಸಿ, ಸರಿಪಡಿಸಿ ಮುಂದುವರಿಸುತ್ತಿದ್ದೆ. ಅವರು ಹೋದ ಮೇಲೆ ನನಗೆ ಗಂಜಿ ಕುಡಿಯಲೂ ತ್ರಾಣವಿರುತ್ತಿರಲಿಲ್ಲ.

ಜುಲೈ 9ರ ಮಧ್ಯಾಹ್ನ ಭಾವ ನನ್ನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತರು.

“ನಿನ್ನತ್ರ ನೀರೇ ಇಲ್ಲ ಅಂತಲ್ಲಮ್ಮ,” ಎಂದರು. “ಬಂದ ದಿನ ತೂಬು ಪೂರಾ ಎತ್ತಿಬಿಡ್ತೀಯ. ಆಮೇಲೆ ಮೂರು ದಿನ ಒಣಗ್ತೀಯ. ಕಾಲುವೆ ಹಂಗೆ ನಡಸ್ತಾರಾ ಯಾರಾದ್ರೂ?”

ಕೆರೆ ತೂಬುಗಳ ಮೇಲೆ ನಾನೇ ಮೂವತ್ತು ವರ್ಷ ಕೆಲಸ ಮಾಡಿದ್ದೇನೆ ಎಂದು ನೆನಪಿಸಿದೆ.

“ಮಾಡೀಯ. ಕಾಗದದ ಮ್ಯಾಲೆ,” ಎಂದರು ಭಾವ.

ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ನೀರುಗಂಟಿ ಏನು ಮಾಡುತ್ತಾನೆಂದು ಅಂದು ಅವರು ಬಿಡಿಸಿ ಹೇಳಿದರು. ಮೊದಲನೆಯದಾಗಿ, ಯಾವ ಭಾಗಕ್ಕೆ ಈ ಸಲ ನೀರಿಲ್ಲ ಎಂದು ಮುಂಚೆಯೇ ಸಾರಿಬಿಡಬೇಕು. ಸಾರಿದರೆ ರೈತ ಬೈಯುತ್ತಾನೆ, ಆದರೆ ಬೀಜ ಚೆಲ್ಲಿ ಕೈಸುಟ್ಟುಕೊಳ್ಳುವುದಿಲ್ಲ. ಎರಡನೆಯದು, ಸರದಿಯನ್ನು ಕಾಲುವೆಯ ಕೊನೆಯಿಂದ ಆರಂಭಿಸಬೇಕು. ತಲೆಯ ಕಡೆಯವರಿಗೆ ಮೊದಲು ಬಿಟ್ಟರೆ ಕೊನೆಯವರ ಹೊಲಕ್ಕೆ ನೀರು ಎಂದೂ ಮುಟ್ಟದು. ಮಳೆ ಬಂದು ಕಾಲುವೆ ತುಂಬಿದ ದಿನವೂ ತೂಬು ಅಷ್ಟೇ ಎತ್ತಬೇಕು. ಅದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅವತ್ತು ಎಲ್ಲರೂ ಬಂದು ಗದರುತ್ತಾರೆ.

ನಿನ್ನ ಕಾಲುವೆಯ ಕೊನೆಯಲ್ಲಿ ಏನಿದೆ, ದಿನಾ ಯಾವುದು ಒಣಗುತ್ತದೆ ಎಂದು ಕೇಳಿದರು. ನಾನು ಯೋಚಿಸಬೇಕಾಗಲಿಲ್ಲ. ಓದುವುದು ಎಂದೆ. ದಿನವೂ ಸ್ನಾನ, ಅಡುಗೆಮನೆ, ಬಂದವರು, ಫೋನು ಎಲ್ಲ ಮುಗಿದ ಮೇಲೆ ಕಾಗದಗಳ ಮುಂದೆ ಕುಳಿತುಕೊಳ್ಳಲು ಹೋಗಿ, ಆಗದೆ, ಅತ್ತು ಮಲಗುತ್ತಿದ್ದೆ. ಈ ಅಳುವನ್ನು ಯಾರೂ ನೋಡಿಲ್ಲವೆಂದು ತಿಳಿದಿದ್ದೆ. ಅಕ್ಕ ಬಾಗಿಲ ಬಳಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತವಳು, ತಲೆಯೆತ್ತದೆ, ದಿನಾ ನಾಲ್ಕು ಗಂಟೆಗೆ ಅಳುತ್ತಾಳೆ ಎಂದಳು.

ಮರುದಿನದಿಂದ ಸರದಿ ಬದಲಾಯಿತು. ಬೆಳಗ್ಗೆ ರಾಗಿಗಂಜಿ ಕುಡಿದ ಕೂಡಲೇ ಅರ್ಧ ಗಂಟೆ ಕಾಗದ. ಅಷ್ಟರಲ್ಲಿ ಒಂದೇ ಕೆರೆಯ ಒಂದೇ ನಮೂದನ್ನು ತಾಳೆ ನೋಡಬೇಕು; ಎರಡನೆಯದಕ್ಕೆ ಕೈಯಿಟ್ಟರೆ ಭಾವ ಕೆಮ್ಮುತ್ತಿದ್ದರು. ಆಮೇಲೆ ಮುಕ್ಕಾಲು ಗಂಟೆ ಮಲಗುವುದು. ಸುಸ್ತಾದ ಮೇಲೆ ಮಲಗುವುದಲ್ಲ, ಆಗುವ ಮುಂಚೆ. ಸ್ನಾನ ಸಂಜೆಗೆ, ಕುರ್ಚಿಯ ಮೇಲೆ ಕುಳಿತು. ನೀರು ಅಕ್ಕ ಹಾಕುತ್ತಾಳೆ. ಅಡುಗೆಮನೆಗೆ ಈ ಬೆಳೆಯಲ್ಲಿ ನೀರಿಲ್ಲವೆಂದು ಸಾರಿದ್ದಾಯಿತು. ಹೊಸದುರ್ಗಕ್ಕೂ ಇಲ್ಲ. ಭರಮಸಾಗರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆಯಿತ್ತು. ಹೋಗದಿದ್ದರೆ ಮೂರು ತಲೆಮಾರಿನವರೆಗೆ ಮಾತು ಬರುತ್ತದೆ. ಅದಕ್ಕೂ ನೀರಿಲ್ಲವೆಂದು ನಾನೇ ಕಾಗದ ಬರೆದು ಭಾವನ ಕೈಲಿ ಕೊಟ್ಟು ಕಳುಹಿಸಿದೆ. ಸಂಜೆ ಇಳಿಬಿಸಿಲಿನಲ್ಲಿ ಬೀದಿಯ ಕೊನೆಯ ಹುಣಸೆಮರದವರೆಗೆ ನಡೆದು ವಾಪಸಾಗಬೇಕು. ಚೆನ್ನಾಗಿದ್ದ ದಿನವೂ ಅಲ್ಲಿಯವರೆಗೇ.

ನೋಡಲು ಬರುವವರಿಗೆ ಹೊರಗಿನ ಕೋಣೆಯಲ್ಲಿ ಭಾವನೇ ಕುಳಿತರು. ಕುಂತ್ಕಳ್ರಿ, ಅವ್ರು ಮಲಗವ್ರೆ, ನಾನೇ ಹೇಳ್ತೀನಿ ಎಂದು ಅವರು ಕಥೆ ಆರಂಭಿಸುತ್ತಿದ್ದರು. ಇಲ್ಲಿ ನನಗೆ ಹೊಸ ಸಂಕಟ ಹುಟ್ಟಿತು. ಅವರ ಕಥೆಯಲ್ಲಿ ಆಪರೇಷನ್ನು ಒಂದು ದಿನ ನಾಲ್ಕು ಗಂಟೆಯದು, ಇನ್ನೊಂದು ದಿನ ಏಳು ಗಂಟೆಯದು. ಗಡ್ಡೆ ಒಮ್ಮೆ ಹುಣಸೆಬೀಜದಷ್ಟು, ಒಮ್ಮೆ ನಿಂಬೆಹಣ್ಣಿನಷ್ಟು. ಮೇ ತಿಂಗಳಲ್ಲಿ ಆಪರೇಷನ್ನಾಯಿತು ಎಂದಾಗ ಸಹಿಸಲಾಗದೆ ಒಳಗಿನಿಂದಲೇ ಏಪ್ರಿಲ್ 24 ಎಂದು ಕೂಗಿದೆ.

ಅಕ್ಕ ಬಂದು ಬಾಗಿಲು ಮುಂದೆ ಮಾಡಿದಳು. “ತಾರೀಕು ಸರಿ ಮಾಡಿದ್ರೆ ಗಡ್ಡೆ ಬಂದಿಲ್ಲ ಅಂತ ಆಗ್ತೈತೇನೆ? ಸುಮ್ಕೆ ಮಲಗು.”

ಮಲಗಿದೆ. ಜುಲೈ 21ರ ಮೂರನೆಯ ಸರದಿಯನ್ನು ಮೊದಲೆರಡಕ್ಕಿಂತ ಹಗುರವಾಗಿ ದಾಟಿದೆ. ಆ ಮೂರು ವಾರದಲ್ಲಿ ಹದಿಮೂರು ನಮೂದುಗಳನ್ನು ತಾಳೆ ನೋಡಿ ಮುಗಿಸಿದ್ದು, ನಮೂದಿಗೊಂದರಂತೆ ನಾನು ಬರೆದಿಡುವ ಕಾರ್ಡುಗಳಲ್ಲಿದೆ. ಸೇವೆಯಲ್ಲಿದ್ದಾಗ ಇದು ಒಂದು ಬೆಳಗಿನ ಕೆಲಸ; ಆದರೂ ಆ ಹದಿಮೂರು ಕಾರ್ಡುಗಳಷ್ಟು ಸಂತೋಷವನ್ನು ನನ್ನ ಬೇರೆ ಯಾವ ಬರಹವೂ ಕೊಟ್ಟಿಲ್ಲ.

ಆಗಸ್ಟ್ 11ರ ನಾಲ್ಕನೆಯ ಸರದಿಯ ನಂತರ ಭಾವನ ನೀರಿನ ಸರದಿಯ ಲೆಕ್ಕವೆಲ್ಲ ಕೆಟ್ಟಿತು. ಹಂಚಲು ಏನೂ ಉಳಿಯಲಿಲ್ಲ. ಬೆಳಗಿನ ಅರ್ಧ ಗಂಟೆಯೂ ಹೋಯಿತು. ಹುಣಸೆಮರದ ದಾರಿ ಅರ್ಧವಾಗಿ, ಕಾಲುಭಾಗವಾಗಿ, ಕೊನೆಗೆ ಹೊಸ್ತಿಲಾಯಿತು. ಮಗ್ಗುಲು ಬದಲಿಸಿದರೆ ಎದೆ ಬಡಿದುಕೊಳ್ಳುತ್ತಿತ್ತು. ಮೂರನೆಯ ವಾರ ಬಂದರೂ ಚೇತರಿಕೆ ಬರಲಿಲ್ಲ. ನಾಲ್ಕು ಸಾಕು ಎಂದು ನಾನು ತೀರ್ಮಾನಿಸಿದೆ. ಸಿಟ್ಟಿನಿಂದ ಮಾಡಿದ ತೀರ್ಮಾನವಲ್ಲ, ದುಃಖದಿಂದಲೂ ಅಲ್ಲ. ಇನ್ನೆರಡು ಸಲ ಹೀಗಾಗುವುದಕ್ಕಿಂತ ಕಾಯಿಲೆ ಮರಳಿದರೆ ಮರಳಲಿ ಎಂಬ ಮಾತು ಆಗ ನನಗೆ ಸರಳವಾಗಿ, ತರ್ಕಬದ್ಧವಾಗಿ ಕಂಡಿತು. ಆಗಸ್ಟ್ 30ರ ದಿನಚರಿಯಲ್ಲಿ ‘ಐದನೆಯದಕ್ಕೆ ಹೋಗುವುದಿಲ್ಲ’ ಎಂದು ಬರೆದಿದ್ದೇನೆ. ಅಕ್ಷರಗಳು ಸಾಲು ಬಿಟ್ಟು ಕೆಳಗೆ ಜಾರಿವೆ.

ಸೆಪ್ಟೆಂಬರ್ 1, ಸೋಮವಾರ. ಮರುದಿನ ಗೌರಿ ಹಬ್ಬ. ಮುತ್ತೈದೆಯರಿಗೆ ಅದು ತಪ್ಪಿಸಬಾರದ ಪೂಜೆ. ಅಕ್ಕ ಹಿಂದಿನ ದಿನವೇ ಹಿರಿಯೂರಿನ ಮನೆಗೆ ಹೋಗಿದ್ದಳು. ಭಾವ ಮಾತ್ರ ಉಳಿದಿದ್ದರು. ಬೆಳಗ್ಗೆ ಆರು ಗಂಟೆಗೆ ಆಸ್ಪತ್ರೆಯ ಚೀಲ ಬಾಗಿಲ ಬಳಿ ಸಿದ್ಧವಾಗಿರುವುದನ್ನು ನೋಡಿ, ನಾನು ಬರುವುದಿಲ್ಲ, ನಾಲ್ಕು ಸಾಕು ಎಂದೆ. ನನ್ನ ಕೈಲಿ ಆಗುವುದಿಲ್ಲ ಎಂದೆ.

ಅದಕ್ಕೆ ಬಂದ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಆಗಲ್ಲ ಅಂದ್ರೆ ನಾನು ನಂಬ್ತೀನಿ. ನೀನು ಸುಳ್ಳು ಹೇಳೋಳಲ್ಲ. ಆದ್ರೆ ಆಗ್ಬೇಕಾದ್ದು ನಿನ್ನ ಕೈಲಲ್ಲ ಇವತ್ತು. ಬಸ್ಸಿನ ಮೆಟ್ಲು ಹತ್ತಸೋದು ನಂದು, ಡಾಕ್ಟ್ರಿಗೆ ಹೇಳೋದು ನಂದು. ನೀನು ಸುಮ್ನೆ ಕುಂತಿರು.” ಚೀಲ ಎತ್ತಿಕೊಳ್ಳುತ್ತ ಮತ್ತೆ: “ಭತ್ತ ತೆನೆ ಕಟ್ಟೋ ಹೊತ್ತಿಗೆ ಎಲ್ರಿಗೂ ಸಾಕಾಗಿರ್ತೈತೆ. ಅವಾಗ ಕೊನೇ ಎಲ್ಡು ನೀರು ತಪ್ಪಿಸಿದ್ರೆ ಹುಲ್ಲು ಸಿಗ್ತೈತೆ, ಕಾಳು ಸಿಗಲ್ಲ. ನಡಿ, ಹೋಗಾಣ.”

ನನ್ನ ದಣಿವನ್ನು ನಂಬುತ್ತೇನೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಗಟ್ಟಿಯಾಗಿರು, ಧೈರ್ಯ ತಂದುಕೋ, ದಾಳಿಂಬೆ ತಿನ್ನು ಎಂದವರೇ ಎಲ್ಲ. ನಂಬಿದವರ ಜೊತೆ ವಾದ ಮಾಡಲು ನನಗೆ ಉಳಿದಿದ್ದ ಕಾರಣವಾವುದೂ ನೆನಪಿಗೆ ಬರಲಿಲ್ಲ. ಎದ್ದೆ. ಬಸ್ಸಿನಲ್ಲಿ ಭರಮಸಾಗರ ದಾಟಿದ್ದು ತಿಳಿಯಲಿಲ್ಲ. ಯಾರದೋ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

ಆಸ್ಪತ್ರೆಯಲ್ಲಿ ದಣಿವಿನ ಸಂಗತಿ ಮೊಟ್ಟಮೊದಲ ಬಾರಿಗೆ ಡಾಕ್ಟರ ಕಿವಿಗೆ ಬಿತ್ತು. ಅವರು ತಾಳ್ಮೆಯಿಂದ ಎಲ್ಲ ಕೇಳಿ, ಇದನ್ನು ಮೊದಲೇ ಹೇಳಬೇಕಿತ್ತು, ಇದೂ ಚಿಕಿತ್ಸೆಯ ಭಾಗವೇ ಎಂದರು. ರಕ್ತ ಪರೀಕ್ಷಿಸಿದರೆ ಅದು ತೀರ ಕಡಿಮೆಯಾಗಿತ್ತು. ಅಂದೇ ದಾಖಲು ಮಾಡಿಕೊಂಡು ರಕ್ತ ಕೊಟ್ಟರು. ಸೆಪ್ಟೆಂಬರ್ 2ರಂದು, ನನ್ನ ಸ್ಥಿತಿ ನೋಡಿಕೊಂಡು, ಐದನೆಯ ಔಷಧಿ ಹಾಕಿದರು. 3ರಂದು ಮನೆಗೆ ಕಳುಹಿಸಿದರು. ಎಲ್ಲರ ದಣಿವೂ ರಕ್ತ ಕೊಟ್ಟರೆ ಹೋಗುವಂಥದ್ದಲ್ಲ, ನಿಮ್ಮದರಲ್ಲಿ ಒಂದು ಪಾಲು ಹೋಗುತ್ತದೆ ಎಂದು ಅವರು ಎಚ್ಚರಿಸಿದ್ದು ಅಕ್ಷರಶಃ ನಿಜವಾಯಿತು. ಎದೆ ಬಡಿದುಕೊಳ್ಳುವುದು ನಿಂತಿತು; ಉಳಿದ ದಣಿವನ್ನು ಹಳೆಯ ಸರದಿಗೆ ಮತ್ತೆ ಹಚ್ಚಿದೆವು.

ಆರನೆಯದು ಸೆಪ್ಟೆಂಬರ್ 22ಕ್ಕೆ ಬದಲಾಗಿ 23ರಂದು ಆಯಿತು. ಅದು ಮುಗಿದ ದಿನವೇ ಮೊದಲಿನಂತಾಗುತ್ತೇನೆಂದುಕೊಂಡಿದ್ದೆ. ಹಾಗಾಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅಡುಗೆಮನೆಗೆ ನೀರು ಬಂತು, ಯುಗಾದಿಯ ಹೊತ್ತಿಗೆ ಹೊಸದುರ್ಗಕ್ಕೆ. ಹುಣಸೆಮರವನ್ನು ದಾಟಿ ಮುಂದಿನ ತಿರುವಿನವರೆಗೆ ಹೋದ ದಿನ 2009ರ ಜನವರಿ 27. ಕಾಯಿಲೆ ಮರಳಲಿಲ್ಲ. ಕಾಲಾನುಕ್ರಮಣಿಕೆ ಮುಗಿಯಿತು. ಇವತ್ತಿಗೂ ನಾನು ಬೆಳಗ್ಗೆ ಮೊದಲು ಕಾಗದದ ಮುಂದೆಯೇ ಕುಳಿತುಕೊಳ್ಳುತ್ತೇನೆ. ನನ್ನನ್ನು ಐದನೆಯ ಸರದಿಗೆ ಕರೆದುಕೊಂಡು ಹೋದವರು ಭಾವ ಎಂದು ಹಲವು ಸಭೆಗಳಲ್ಲಿ, ಕಾಯಿಲೆಯವರನ್ನು ನೋಡಲು ಹೋದಾಗಲೆಲ್ಲ, ಮತ್ತು ಭಾವ ತೀರಿಕೊಂಡ ದಿನ ಅವರ ಅಂಗಳದಲ್ಲಿ ಎಲ್ಲರೆದುರಿಗೆ ಹೇಳಿದ್ದೇನೆ. ಆ ದಿನ ಅಕ್ಕ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಹೌದು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಈ ಬರಹಕ್ಕಾಗಿ ದಿನಾಂಕಗಳನ್ನು ತಾಳೆ ನೋಡುವಾಗ ಚಿಕಿತ್ಸಾ ಪುಸ್ತಕದ ಹಿಂಬದಿಯ ರಟ್ಟಿಗೆ ಅಂಟಿಕೊಂಡಿದ್ದ ಒಂದು ಹಳದಿ ಚೀಟಿ ಸಿಕ್ಕಿತು. ರೋಗಿಯ ಜೊತೆ ವಾರ್ಡಿನಲ್ಲಿ ಉಳಿಯುವವರಿಗೆ ಕೊಡುವ ಪಾಸು. ದಿನಾಂಕ 1-9-2008ರಿಂದ 3-9-2008. ಜೊತೆಗಿರುವವರ ಸಂಬಂಧ: ಅಕ್ಕ. ಕೆಳಗೆ, ನಾಲ್ಕನೆಯ ತರಗತಿಯ ದುಂಡನೆಯ ಅಕ್ಷರಗಳಲ್ಲಿ ಅವಳ ಸಹಿ. ಒಂದೇ ಆಧಾರವನ್ನು ನಂಬುವ ಅಭ್ಯಾಸ ನನಗಿಲ್ಲ. ಹಿರಿಯೂರಿಗೆ ಹೋಗಿ ಭಾವನ ಜೇಬುಪುಸ್ತಕಗಳನ್ನು ತೆಗೆಸಿ ನೋಡಿದೆ. ನಿವೃತ್ತಿಯ ನಂತರವೂ ಅವರು ದಿನಕ್ಕೊಂದು ಸಾಲು ಬರೆಯುತ್ತಿದ್ದರು. ಆ ಸೋಮವಾರ: ‘ಮನೆಯವರು ದುರ್ಗದಲ್ಲಿ. ದಾವಣಗೆರೆಗೆ ಹೋಗುವವರು. ನಾನು ಇಲ್ಲಿಯೇ, ಧರ್ಮಪುರದ ಬೀಗರು ಬಂದಿದ್ದರು.’ ಮಂಗಳವಾರ: ‘ಗೌರಿ. ಪೂಜೆ ಇಲ್ಲ. ಅನ್ನ ಸಾರು ನಾನೇ.’

ಅಕ್ಕ ಅಡುಗೆಮನೆಯಲ್ಲಿದ್ದಳು. ಪುಸ್ತಕ ಹಿಡಿದು ಹೋಗಿ, ಅವತ್ತು ಬಂದಿದ್ದು ನೀನೇನಾ, ಆ ಮಾತು ಹೇಳಿದ್ದು ನೀನಾ ಎಂದು ಕೇಳಿದೆ.

“ಐವತ್ತು ವರ್ಷ ಗೌರಿ ಕೂರ್ಸೀನಿ. ಯಾವ ವರ್ಷ ಬಿಟ್ಟೆ ಅಂತ ಯಾರು ನೆನಪಿಟ್ಕಂಡವ್ರೆ,” ಎಂದಳು. “ತಟ್ಟೆ ಹಾಕ್ಲಾ?”

ಮಾತಿನ ವಿಷಯಕ್ಕೆ ಅವಳು ಉತ್ತರ ಕೊಡಲಿಲ್ಲ, ನಾನು ಎರಡನೆಯ ಸಲ ಕೇಳಲಿಲ್ಲ. ನನ್ನ ನೆನಪಿನಲ್ಲಿ ಆ ಬೆಳಗಿನ ದನಿ ಈಗಲೂ ಗಂಡಸಿನದೇ. ಮೇಲಿನ ಪುಟಗಳನ್ನು ನೆನಪಿದ್ದಂತೆಯೇ ಬಿಟ್ಟಿದ್ದೇನೆ. ಆದರೆ 2008ರ ಸೆಪ್ಟೆಂಬರ್ 1ರಂದು ಭಾವ ಹಿರಿಯೂರಿನಲ್ಲಿದ್ದರು, ಅಕ್ಕ ನನ್ನ ಜೊತೆಗಿದ್ದಳು ಎಂದು ಪರಸ್ಪರ ಸಂಬಂಧವಿಲ್ಲದ ಎರಡು ದಾಖಲೆಗಳು ಹೇಳುತ್ತವೆ. ನನ್ನ ನೆನಪನ್ನು ಸಮರ್ಥಿಸುವ ದಾಖಲೆ ಒಂದೂ ಸಿಕ್ಕಿಲ್ಲ.